ಗೋಂಗೂರ ತರಲು ಹೋದದ್ದು

ಹೈಸ್ಕೂಲಿನ ಜವಾನ ನೂರಸಾಬ ಸೈಕಲ್ಲಿನ ಹಿಂದೆ ಪಂಪಾವತಿಯನ್ನು ಕೂರಿಸಿಕೊಂಡು ಮನೆ ಬಾಗಿಲಿಗೆ ಬಂದಾಗ ಅವಳ ತಾಯಿ ವಿರೂಪಾಕ್ಷಮ್ಮ ಎಮ್ಮೆಯ ಮುಂದೆ ಗಂಜಿಯ ಬಕೇಟು ಇಡುತ್ತಿದ್ದಳು. ಅಂದು ಶನಿವಾರ. ಶನಿವಾರ ಬೆಳಗಿನ ಸಾಲೆ, ಸಾಲೆಗಿಂತ ಮೊದಲು ಬಯಲಿನಲ್ಲಿ ಡ್ರಿಲ್ಲು.

"ಹೆದರಬ್ಯಾಡ್ರಿ ಯವ್ವ. ಡ್ರಿಲ್ ಮಾಡೋವಾಗ ಕಣ್ಣಿಗೆ ಕತ್ಲಿ ಬಂದು ಬಿದ್ಲು. ಮುಖಕ್ಕ ನೀರು ಹೊಡದ್ವಿ, ಎದ್ಲು. ದಾರ್‍ಯಾಗ ಮಾತಾಡಿಕೋತ ಬಂದಾಳ" ಎಂದ ನೂರಸಾಬ.

ಹುಡುಗಿ ಕಟ್ಟೆಯ ಮೇಲೆ ಕೂತು ಮೊಣಕಾಲಿನ ಮಣ್ಣು ಒರೆಸಿಕೊಂಡಳು. ಹದಿನಾಲ್ಕು ತುಂಬಿತ್ತು, ಒಂಬತ್ತನೆಯ ಇಯತ್ತೆ. ಒಂದು ವರ್ಷದಲ್ಲಿ ಲಂಗ ಎರಡು ಸಲ ಬಿಚ್ಚಿ ಹೊಲಿಯುವಷ್ಟು ಎತ್ತರವಾಗಿದ್ದಳು. ಅಡ್ಡಕ್ಕೆ ಮಾತ್ರ ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಿರಲಿಲ್ಲ.

ಸಂಜೆ ಗದ್ದೆಯಿಂದ ಬಂದ ಈಶಪ್ಪ ಎಲ್ಲವನ್ನೂ ಸುಮ್ಮನೆ ಕೇಳಿದ. ಮಗಳು ಹಿತ್ತಲಿಗೆ ಹೋದ ಮೇಲೆ ಹೆಂಡತಿಗೆ ಹೇಳಿದ: "ಒಮ್ಮಿ ಬಿದ್ದಾಳ, ಆತು. ಇನ್ನೊಮ್ಮಿ ಬಿದ್ಲಂದ್ರ ಸಾಲಿ ಬಂದ್. ಎರಡು ಮೈಲಿ ಕಾಲುವಿ ದಂಡಿ ಹಿಡಿದು ಬರ್ತಾಳ. ಬಯಲಾಗ ಬಿದ್ರ ನೂರಸಾಬ ಎತ್ತಿದ. ಕಾಲುವ್ಯಾಗ ಬಿದ್ರ ಯಾರು ಎತ್ತೋರು?"

"ಪೂರಾ ಬಂದ್ ಮಾಡ್ತೀರೇನು?" ಎಂದಳು ವಿರೂಪಾಕ್ಷಮ್ಮ.

"ಸ್ವಲ್ಪ ದಿನ ಅಷ್ಟ. ಆರಾಮಾದ ಮ್ಯಾಲೆ ನೋಡೋಣು. ಆಕಿಗೆ ಹೇಳಬ್ಯಾಡ, ಅಂಜ್ತಾಳ."

ವಿರೂಪಾಕ್ಷಮ್ಮನಿಗೆ ಆ 'ಸ್ವಲ್ಪ ದಿನ' ಏನೆಂದು ಗೊತ್ತಿತ್ತು. ಮೈದುನನ ಮಗಳು ಯಮನೂರಮ್ಮ ಮಲೇರಿಯಾ ಬಂದು ಒಂದು ವಾರಕ್ಕೆಂದು ಸಾಲೆ ಬಿಟ್ಟಿದ್ದಳು. ಆ ವಾರಕ್ಕೆ ಈಗ ಆರು ವರ್ಷ.

ಸೋಮವಾರ ಮಗಳನ್ನು ಕರೆದುಕೊಂಡು ದವಾಖಾನೆಗೆ ಹೋದಳು. ನರ್ಸಬಾಯಿ ಮುಮ್ತಾಜಬೇಗಂ ಪಂಪಾವತಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ನಾಲಿಗೆ ಚಾಚಿಸಿದರು.

"ದೊಡ್ಡಾಕಿ ಆಗಿ ಎಷ್ಟು ದಿನಾತು?"

"ವರ್ಷದ ಮ್ಯಾಲಾತ್ರಿ ಬಾಯಾರ."

"ಏನ್ ಉಣ್ತಾಳ?"

ವಿರೂಪಾಕ್ಷಮ್ಮ ಸೆರಗು ಸರಿಮಾಡಿಕೊಂಡು ತುಸು ಹೆಮ್ಮೆಯಿಂದಲೇ ಹೇಳಿದಳು: "ಉಣ್ಣಾಕೇನ್ ಕಡಿಮಿ ಮಾಡಿಲ್ರಿ. ಮೂರೂ ಹೊತ್ತು ಅನ್ನ."

"ಅನ್ನದ ಜೋಡಿ?"

"ಉಪ್ಪಿನಕಾಯಿ, ಮಜ್ಜಿಗಿ. ಒಮ್ಮೊಮ್ಮಿ ಸಾರು."

"ಗಂಜಿ ಬಸೀತೀರೇನು?"

"ಬಸೀಲಾರದ ಹೆಂಗ್ರಿ? ಅನ್ನ ಉದುರುದುರು ಆಗಬೇಕಲ್ಲ."

"ಆ ಗಂಜಿ?"

"ಎಮ್ಮಿಗಿ."

"ಅಕ್ಕಿ ತೌಡು?"

"ಅದೂ ಎಮ್ಮಿಗ್ರಿ."

"ಎಮ್ಮಿ ಹಾಲು?"

"ಹೋಟೆಲ್ಲಿಗೆ ಹಾಕ್ತೀವ್ರಿ."

ಮುಮ್ತಾಜಬೇಗಂ ಪೆನ್ನು ಕೆಳಗಿಟ್ಟರು. "ಹಂಗಾದ್ರ ಎಮ್ಮೀನ ಸಾಲಿಗಿ ಕಳಸ್ರಿ ತಾಯಿ. ಅದು ಡ್ರಿಲ್ಲಿನಾಗ ಬೀಳಂಗಿಲ್ಲ."

ಪಂಪಾವತಿ ಕಿಸಕ್ಕನೆ ನಕ್ಕಳು. ತಾಯಿ ನಗಲಿಲ್ಲ.

"ಹುಡುಗಿಗೆ ರಕ್ತ ಕಡಿಮಿ ಐತಿ. ಬೆಳಿಯೋ ವಯಸ್ಸು, ತಿಂಗಳಾ ಮುಟ್ಟೂ ಆಗ್ತಾಳ. ಬರೇ ಬಿಳಿ ಅನ್ನ ಆಕಿಗೆ ಎಲ್ಲಿ ಸಾಕಾಗಬೇಕು? ರೊಟ್ಟಿ ಕೊಡ್ರಿ, ಕಾಳು ಕೊಡ್ರಿ, ತಪ್ಪಲ ಪಲ್ಲೆ ಕೊಡ್ರಿ, ಮ್ಯಾಲೆ ನಿಂಬಿಹಣ್ಣು ಹಿಂಡ್ರಿ. ಈ ಗುಳಗಿ ಮೂರು ತಿಂಗಳು ತಪ್ಪಸಬ್ಯಾಡ್ರಿ. ಚಾದ ಜೋಡಿ ನುಂಗಸಬ್ಯಾಡ್ರಿ" ಎಂದು ಕಾಗದದಲ್ಲಿ ಕಟ್ಟಿ ಕೊಟ್ಟರು.

ವಿರೂಪಾಕ್ಷಮ್ಮನ ತವರು ಯಲಬುರ್ಗಾ ಕಡೆ. ಅಲ್ಲಿ ಆಕೆ ಅನ್ನ ಕಂಡದ್ದು ಹಬ್ಬಕ್ಕೆ, ಇಲ್ಲವೆ ಜ್ವರ ಬಂದಾಗ. ಮದುವೆಯಾಗಿ ಬಂದ ಮೇಲೆ ಈ ಊರಿನ ಹೊಲಗಳಿಗೆ ಕಾಲುವೆಯ ನೀರು ಹರಿಯಿತು. ಈಶಪ್ಪ ಜೋಳ ಬಿಟ್ಟು ನೆಲ್ಲು ಹಚ್ಚಿದ. ದಿನವೂ ಬಿಳಿ ಅನ್ನ ಬಸಿಯುವ ಮನೆಗೆ ಮಗಳು ಹುಟ್ಟಿದ್ದಾಳಲ್ಲ ಎಂದು ಆಕೆ ಎಷ್ಟೋ ಸಲ ಸಮಾಧಾನ ಪಟ್ಟುಕೊಂಡಿದ್ದಳು. ಕೊಟ್ಟದ್ದು ಕಡಿಮೆಯಾಯಿತೆಂದು ಯಾರಾದರೂ ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದಳು. ಒಳ್ಳೆಯದೆಂದು ಕೊಟ್ಟದ್ದೇ ಸಾಲದೆ ಹೋಯಿತೆಂಬುದನ್ನು ಮನಸ್ಸಿಗೆ ತಂದುಕೊಳ್ಳಲು ದವಾಖಾನೆಯಿಂದ ಹೊರಟ ಬಸ್ಸು ಊರು ಮುಟ್ಟುವವರೆಗೂ ಬೇಕಾಯಿತು.

ಮನೆಯಲ್ಲಿ ಜೋಳ ಇರಲಿಲ್ಲ. ಅಣ್ಣ ಅಂದಪ್ಪನಿಗೆ ಹೇಳಿ ಕಳಿಸಿದಳು. ಅವನು ಮರುವಾರವೇ ಅರ್ಧ ಚೀಲ ಬಿಳಿಜೋಳ ಹೊತ್ತುಕೊಂಡು ಬಸ್ಸಿಳಿದ. ಚಾವಡಿಯ ಮುಂದೆ ನಾಲ್ಕು ಜನ ಕೂತಿರುವಾಗಲೇ, "ಏನ್ ಮಾವಾ, ನೆಲ್ಲಿನ ಸಾವ್ಕಾರ್ರು ಜ್ವಾಳಕ್ಕ ಕೈ ಒಡ್ಡೀರಲ್ಲ!" ಎಂದು ಕೂಗಿದ.

ಈಶಪ್ಪ ಒಳಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ: "ಊರಾಗ ಮಾನ ಕಳದಿ. ಈಶಪ್ಪನ ಮನ್ಯಾಗ ಅನ್ನ ತೀರೇತಿ ಅಂತಾರ ಮಂದಿ."

"ಮಂದಿ ಅನ್ಲಿ ಬಿಡ್ರಿ. ಮಗಳು ಬಿದ್ದಾಗ ಮಂದಿ ಎತ್ತಿಲ್ಲ" ಎಂದಷ್ಟೇ ಹೇಳಿ ಆಕೆ ಜೋಳ ಹಸನು ಮಾಡಲು ಕೂತಳು.

ಗಂಡನನ್ನು ಸುಮ್ಮನಾಗಿಸುವುದು ಸುಲಭವಾಗಿತ್ತು. ಮಗಳಿಗೆ ಉಣಿಸುವುದು ಅಷ್ಟು ಸುಲಭವಾಗಲಿಲ್ಲ. ಮನೆಯಲ್ಲಿ ಬಿಸಿ ರೊಟ್ಟಿಯಾದರೆ ಅರ್ಧ ತಿನ್ನುತ್ತಿದ್ದಳು. ಬುತ್ತಿಗೆ ಕಟ್ಟಿದರೆ ಹಾಗೇ ತಿರುಗಿ ಬರುತ್ತಿತ್ತು. ಎಂಟನೆಯ ಇಯತ್ತೆಯಲ್ಲಿ ಒಮ್ಮೆ ತಾಯಿಯ ತವರಿನಿಂದ ಬಂದ ಕಟಕಟಿ ರೊಟ್ಟಿಯ ಗಂಟು ಬಿಚ್ಚಿದಾಗ, "ಮಾಳಿಗಿ ಹಂಚು ಬಿದ್ದಂಗಾತಲ್ಲೇ!" ಎಂದು ಒಬ್ಬಳು ಅಂದಿದ್ದಳಂತೆ. ಅಂದಿನಿಂದ ಬುತ್ತಿಗೆ ಅನ್ನವೇ ಬೇಕು. ಸೊಪ್ಪಿನ ಪಲ್ಲೆಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದಳು. ಅದರಲ್ಲೂ ಪುಂಡಿಪಲ್ಲೆಯೆಂದರೆ, "ಅದು ಬಡವರ ಪಲ್ಲೆ. ಯಾರಾರ ತಿಂತಾರೇನು?" ಎನ್ನುತ್ತಿದ್ದಳು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಅದಕ್ಕೂ ತಕರಾರು.

ಒಂದು ಸಂಜೆ ವಿರೂಪಾಕ್ಷಮ್ಮ ಪಾತ್ರೆ ತಿಕ್ಕುತ್ತ, ಸಿಟ್ಟು ಮಾಡದೆ ಕೇಳಿದಳು: "ನಿನಗೇನ್ ಬೇಕು ಹೇಳವ್ವ. ಇದ್ದರ ಮಾಡ್ತೀನಿ, ಇಲ್ಲಂದ್ರ ತರ್ತೀನಿ."

ಪಂಪಾವತಿ ಯೋಚಿಸಿ ಹೇಳಿದಳು: "ಕ್ಯಾಂಪಿನ ಆದಿಲಕ್ಷ್ಮಿ ಡಬ್ಬ್ಯಾಗ ಗೋಂಗೂರ ಅಂತ ತರ್ತಾಳ. ಖಾರ, ಹುಳಿ. ಎಣ್ಣಿ ತೇಲ್ತಿರತೈತಿ. ಅದಾದ್ರ ದಿನಾ ತಿಂತೀನಿ. ಆದರ ನಿನಗ ಬರಂಗಿಲ್ಲ ಬಿಡು, ಅದು ಆಂಧ್ರದ ತಪ್ಪಲ."

ಕಾಲುವೆಯ ನೀರಿನ ಬೆನ್ನಿಗೆ ಆಂಧ್ರದಿಂದ ಬಂದು ನೆಲ್ಲು ಬೆಳೆಯಲು ನೆಲೆನಿಂತವರ ವಸತಿಗಳನ್ನು ಇಲ್ಲಿ ಕ್ಯಾಂಪು ಎನ್ನುತ್ತಾರೆ. ಆದಿಲಕ್ಷ್ಮಿಯ ಮನೆ ಶ್ರೀರಾಮನಗರದ ದಾರಿಯ ಒಂದು ಕ್ಯಾಂಪಿನಲ್ಲಿತ್ತು. ಭಾನುವಾರ ಮನೆಗೆಲಸ ಮುಗಿಸಿ ವಿರೂಪಾಕ್ಷಮ್ಮ ಒಂದು ಗಿಂಡಿ ಮೊಸರು ಹಿಡಿದು ಅಲ್ಲಿಗೆ ಹೋದಳು. ಮಗಳಿಗೆ ಹೇಳಿರಲಿಲ್ಲ. ಹೊಸಬರ ಮನೆಯ ಮುಂದೆ ಒಂದು ಸೊಪ್ಪಿಗಾಗಿ ನಿಲ್ಲುವುದು ಆಕೆಗೆ ಸಂಕೋಚವೇ ಆಗಿತ್ತು.

ಆದಿಲಕ್ಷ್ಮಿಯ ತಾಯಿ ಬಾಗಿಲಲ್ಲೇ ಎದುರಾದಳು. ಗುಂಡಗಿನ, ನಗುಮುಖದ ಹೆಂಗಸು.

"ನನ್ನ ಮಗಳು ನಿಮ್ಮ ಗೋಂಗೂರಕ್ಕ ಮನಸೋತಾಳ್ರಿ. ಬೀಜ ಇದ್ದರ ನಾಲ್ಕು ಕೊಡ್ರಿ. ಬೆಳಿತೈತೋ ಇಲ್ಲೋ ನಮ್ಮ ಮಣ್ಣಿನಾಗ, ನೋಡ್ತೀನಿ."

"ಬೀಜ ಯಾಕಮ್ಮಾ, ತಪ್ಪಲೇ ಐತೆ. ಕೂಚೋ, ಕೂಚೋ" ಎಂದು ಆಕೆ ಚಾಪೆ ತೋರಿಸಿ, ಒಳಗಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಟ್ಟನ್ನು ತಂದು ಬಿಚ್ಚಿದಳು.

ಕೆಂಪು ದಂಟು. ಬೆರಳು ಬಿಡಿಸಿದಂಥ ಎಲೆ. ವಿರೂಪಾಕ್ಷಮ್ಮ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡಳು. ಆ ಹುಳಿಯನ್ನು ಗುರುತಿಸಲು ಆಕೆಗೆ ಕಣ್ಣೂ ಬೇಕಿರಲಿಲ್ಲ.

"ಅಯ್ಯ, ಇದು ಪುಂಡಿ ಅಲ್ಲೇನ್ರಿ!"

"ಮೀರು ಪುಂಡಿ ಅಂತೀರಾ? ನಾವು ಗೋಂಗೂರ ಅಂತೀವಿ."

"ಎಲ್ಲಿ ಬೆಳದೀರಿ ಇದನ್ನ?"

ಆದಿಲಕ್ಷ್ಮಿಯ ತಾಯಿ ಸ್ವಲ್ಪ ಅಳುಕಿದಳು. "ಬೆಳೆದಿಲ್ಲಮ್ಮಾ. ಕಾಲುವಿ ಪಕ್ಕ ಎರಡು ಬೇವಿನ ಚೆಟ್ಟು ಐತಲ್ಲಾ, ಆ ಹೊಲದ ಬದುವಿನ ಮ್ಯಾಲಿಂದು. ಯಾರೂ ಕೊಯ್ಯಲ್ಲ, ಸುಮ್ಮನೆ ಒಣಗ್ತೈತಿ ಅಂತ ಕೊಯ್ಕೊಂಡು ಬಂದೆ. ಯಾರ ಹೊಲವೋ ಏನೋ."

"ನಮ್ಮದs ಹೊಲ" ಎಂದಳು ವಿರೂಪಾಕ್ಷಮ್ಮ.

ಆ ಹೆಂಗಸು ನಾಲಿಗೆ ಕಚ್ಚಿಕೊಂಡಳು. ವಿರೂಪಾಕ್ಷಮ್ಮನಿಗೆ ಮೊದಲು ನಗು ಬಂತು, ಆಮೇಲೆ ಅವಳಿಗೂ ಬಂತು. ಇಬ್ಬರೂ ಚಾಪೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊರಡುವಾಗ ಎಲೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಕುಟ್ಟುವ ಬಗೆಯನ್ನು ಆಕೆ ಹೇಳಿಕೊಟ್ಟಳು. ಒಂದು ಬಟ್ಟಲು ಚಟ್ನಿಯನ್ನೂ ಕೊಟ್ಟಳು.

"ಆದಿಲಕ್ಷ್ಮಿ ಅವ್ವ ಕೊಟ್ಟಾಳ" ಎಂದು ತಾಯಿ ಬಟ್ಟಲು ಮುಂದಿಟ್ಟಾಗ ಪಂಪಾವತಿ ಕುಣಿದಾಡಿದಳು. ತಾಯಿ ಹೇಳಿದ್ದು ಸುಳ್ಳಲ್ಲ. ಬಟ್ಟಲು ಮೂರನೆಯ ದಿನಕ್ಕೆ ಖಾಲಿಯಾಯಿತು. ನಾಲ್ಕನೆಯ ದಿನ ವಿರೂಪಾಕ್ಷಮ್ಮ ತಮ್ಮ ಬದುವಿನ ಪುಂಡಿಯನ್ನೇ ತಂದು ಕುಟ್ಟಿದಳು, ಶೇಂಗಾ ಪುಡಿಯನ್ನೂ ಬೆರೆಸಿದಳು. ಮಗಳು ಕೇಳಲಿಲ್ಲ, ಆಕೆ ಹೇಳಲಿಲ್ಲ. ಬಿಸಿನೀರಿನಲ್ಲಿ ನಾದಿ ಮೆತ್ತಗೆ ಬಡಿದ ರೊಟ್ಟಿ ಎರಡು ಮಡಿಚಿ, ಸಪ್ಪಳವಾಗದಂತೆ ಡಬ್ಬಿಗಿಟ್ಟಳು. ಬದಿಗೆ ಮೊಳಕೆ ಹೆಸರುಕಾಳು. ಗೋಂಗೂರದ ನೆವದಲ್ಲಿ ರೊಟ್ಟಿಯೂ ಹೋಯಿತು, ಕಾಳೂ ಹೋಯಿತು. ಇಪ್ಪತ್ತು ದಿನ ಡಬ್ಬಿ ಖಾಲಿ ಬಂತು.

ಇಪ್ಪತ್ತೊಂದನೆಯ ದಿನ ಪಂಪಾವತಿ ಚಪ್ಪಲಿ ಎಸೆದು ಒಳಗೆ ಬಂದಳು.

"ನೀ ನನಗ ಪುಂಡಿ ತಿನಿಸೀದಿ! ಆದಿಲಕ್ಷ್ಮಿ ಎಲ್ಲಾರ ಮುಂದ ಹೇಳಿದ್ಲು. ನಿಮ್ಮವ್ವ ನಿಮ್ಮ ಹೊಲದ ಪುಂಡಿ ಬೇಡಾಕ ನಮ್ಮನಿಗೆ ಬಂದಿದ್ಲು ಅಂತ. ಇಡೀ ಕ್ಲಾಸು ನಕ್ಕೈತಿ. ಗೋಂಗೂರ ಪಂಪಿ ಅಂತ ಹೆಸರಿಟ್ಟಾರ ನನಗ."

"ರುಚಿ ಇತ್ತಲ್ಲವ್ವ..."

"ರುಚಿ ಮಾತಲ್ಲ! ನೀ ಮುಚ್ಚಿಟ್ಟಿ."

ಹುಡುಗಿ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು, ಗುಳಿಗೆಯನ್ನೂ ಮುಟ್ಟದೆ, ಡಬ್ಬಿಯನ್ನು ಗೂಡಿನಲ್ಲೇ ಬಿಟ್ಟು ಹೋದಳು.

ವಿರೂಪಾಕ್ಷಮ್ಮ ಸಗಣಿ ಬಳಿದಳು, ನೀರು ತಂದಳು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗೂಡಿನ ಡಬ್ಬಿಯ ಮೇಲಿತ್ತು. ಆಟೋಟದ ಪಂದ್ಯಕ್ಕೆಂದು ಈ ವಾರವೆಲ್ಲ ಮಕ್ಕಳನ್ನು ಬಿಸಿಲಿನಲ್ಲಿ ಓಡಿಸುತ್ತಾರೆ. ನಿನ್ನೆ ಮಧ್ಯಾಹ್ನದಿಂದ ಹುಡುಗಿಯ ಹೊಟ್ಟೆಗೆ ಒಂದು ತುತ್ತೂ ಬಿದ್ದಿಲ್ಲ. ಸೂರ್ಯ ನೆತ್ತಿಗೆ ಬರುವ ಮುಂಚೆ ಆಕೆ ಡಬ್ಬಿ ಎತ್ತಿಕೊಂಡು ಕಾಲುವೆಯ ದಂಡೆ ಹಿಡಿದಳು.

ಗದ್ದೆಯಲ್ಲಿ ನೀರು ತಿರುವುತ್ತಿದ್ದ ಈಶಪ್ಪ ತಲೆಯೆತ್ತಿದ. "ಎಲ್ಲಿಗೆ ಹೊಂಟಿ?"

"ಬುತ್ತಿ ಮರತು ಹೋಗ್ಯಾಳ."

"ಮರತಾಳೋ, ಬಿಟ್ಟಾಳೋ?"

ಆಕೆ ನಿಲ್ಲಲಿಲ್ಲ. "ಸಂಜೀಕ ಬರ್ಲಿ, ಕೇಳ್ತೀನಿ" ಎಂಬ ಅವನ ಮಾತು ಬೆನ್ನಿಗೆ ಬಂತು.

ಸಾಲೆ ಮುಟ್ಟುವಾಗ ಊಟದ ಗಂಟೆ ಹೊಡೆದಿತ್ತು. ಹುಡುಗಿಯರು ಗಿಡದ ನೆರಳಲ್ಲಿ ಗುಂಪುಗುಂಪಾಗಿ ಡಬ್ಬಿ ಬಿಚ್ಚಿದ್ದರು. ಪಂಪಾವತಿ ಒಬ್ಬಳೇ ಗೋಡೆಗೆ ಆತು ಕೂತಿದ್ದಳು. ತುಟಿ ಬಿಳಿಚಿತ್ತು. ತಾಯಿಯನ್ನು ಕಂಡು ಮುಖ ತಿರುಗಿಸಿದಳು.

"ಯಾಕ ಬಂದಿ? ನನಗ ಹಸಿವಿಲ್ಲ."

ವಿರೂಪಾಕ್ಷಮ್ಮ ಪಕ್ಕದಲ್ಲಿ ಕೂತು ದಣಿವಾರಿಸಿಕೊಂಡಳು. "ಉಣ್ಣು ಅನ್ನಾಕ ಬಂದಿಲ್ಲ. ಗೋಂಗೂರದ್ದು ಮುಚ್ಚಿಟ್ಟೆ, ತಪ್ಪಾತು. ಇನ್ನೊಂದು ಮುಚ್ಚಿಟ್ಟೀನಿ, ಅದನ್ನ ಹೇಳಾಕ ಬಂದೀನಿ. ನೀ ಇನ್ನೊಮ್ಮಿ ಬಿದ್ರ ಸಾಲಿ ಬಿಡಿಸ್ತೀನಿ ಅಂದಾರ ನಿಮ್ಮಪ್ಪ."

ಹುಡುಗಿ ತಿರುಗಿ ನೋಡಿದಳು. "ಯಾವಾಗ ಅಂದ?"

"ನೀ ಬಿದ್ದ ದಿನಾನs."

"ನನ್ನ ಕೇಳಲಾರದನs?"

"ಕೇಳಲಾರದನs. ಕಾಲುವ್ಯಾಗ ಬೀಳ್ತಿ ಅಂತ ಅಂಜಿಕಿ ಅವರಿಗೆ."

"ಯಮನೂರಕ್ಕನ್ನ ಬಿಡಿಸಿದಂಗ?"

"ಹೂಂ. ಹಂಗs."

ಪಂಪಾವತಿ ಬಯಲಿನ ಆಚೆ ತನ್ನ ಕ್ಲಾಸಿನ ತೆರೆದ ಬಾಗಿಲನ್ನು ನೋಡಿದಳು.

"ಇದನ್ನ ಮೊದ್ಲs ಹೇಳಬೇಕಿತ್ತು ನೀನು" ಎಂದಳು.

"ಹೇಳಬೇಕಿತ್ತು."

ಡಬ್ಬಿಯನ್ನು ತಾಯಿಯ ಕೈಯಿಂದ ಕಸಿದುಕೊಂಡು ಬಿಚ್ಚಿದಳು. ಮೊದಲ ತುತ್ತು ಸಿಟ್ಟಿನಿಂದಲೇ ಅಗಿದಳು. ಎರಡನೆಯದಕ್ಕೆ ಹಸಿವು ಸಿಟ್ಟನ್ನು ಹಿಂದೆ ಹಾಕಿತು. ಆಚೆ ಗುಂಪಿನಿಂದ ಒಬ್ಬಳು ಕೂಗಿದಳು: "ಏ ಗೋಂಗೂರ ಪಂಪಿ, ಕೂಸಿಗೆ ಉಣಿಸಾಕ ಅವ್ವ ಬಂದಾಳೇನು?"

"ಹೂನವ್ವಾ, ಬಂದಾಳ. ನಿಮ್ಮವ್ವಗೂ ಬಾ ಅನ್ನು" ಎಂದಳು ಪಂಪಾವತಿ ಬಾಯಿ ತುಂಬ ಇಟ್ಟುಕೊಂಡೇ.

ಆದಿಲಕ್ಷ್ಮಿ ತನ್ನ ಡಬ್ಬಿ ಹಿಡಿದು ಹತ್ತಿರ ಬಂದು ನಿಂತಳು. ಅಂದದ್ದು ಹೆಚ್ಚಾಯಿತೆಂದು ಅವಳ ಮುಖವೇ ಹೇಳುತ್ತಿತ್ತು. "ನನಗೂ ಒಂಚೂರು ರೊಟ್ಟಿ ಕೊಡೇ."

"ನಾಳಿ ಕೊಡ್ತೀನಿ. ಇವತ್ತು ನನಗs ಸಾಲಂಗಿಲ್ಲ" ಎಂದಳು ಪಂಪಾವತಿ. ಆದರೂ ಸರಿದು ಅವಳಿಗೆ ಜಾಗ ಮಾಡಿದಳು.

ಎರಡೂ ರೊಟ್ಟಿ ಮುಗಿದವು. ವಿರೂಪಾಕ್ಷಮ್ಮ ಸೆರಗಿನ ಗಂಟಿನಿಂದ ಗುಳಿಗೆ ತೆಗೆದು ಕೊಟ್ಟಳು. ಹುಡುಗಿ ಮುಖ ಕಿವುಚಿಕೊಂಡು ನಳದ ನೀರಿನಲ್ಲಿ ನುಂಗಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಅಪ್ಪಗ ಹೇಳು, ನಾ ಬಿದ್ದಿಲ್ಲ ಅಂತ."

"ನೀನs ಹೇಳು. ಸಂಜೀಕ ನಡಕೊಂಡು ಬಂದು ಹೇಳು" ಎಂದಳು ತಾಯಿ.