ಚಂದವ್ವನನ್ನು ಉಲ್ಲೇಖಿಸಿದವರು

ತನ್ನ ವರ್ಷದ ಕೆಲಸದ ಮೌಲ್ಯಮಾಪನದ ಹಾಳೆ ತುಂಬುತ್ತ ಕುಳಿತಿದ್ದ ಮಾಲಾಗೆ ತಡೆಯಲಾರದೆ ನಗು ಬಂತು. ಇಂಡಿ ಪಟ್ಟಣದ ಕುರಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ಒಂಬತ್ತು ವರ್ಷ ದುಡಿದು ಅವಳು ಬರೆದದ್ದು ಹನ್ನೊಂದು ಪ್ರಬಂಧ. ಮೇವು, ಜಂತುಹುಳು, ಉಣ್ಣೆ ಎಂದು ಬೆವರಿಳಿಸಿ ಬರೆದ ಹತ್ತನ್ನು ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದು ಎಲ್ಲ ಕೂಡಿ ಮೂವತ್ತು ಸಲ. ಅವ್ವನ ಮಾತು ಕೇಳಿ ಬರೆದ ಒಂದೇ ಒಂದನ್ನು ಅರವತ್ತೆರಡು ಸಲ!

ಅಗರಖೇಡ ಊರಿನ ಅವರ ಕುರಿದಡ್ಡಿಯಲ್ಲಿ ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹಚ್ಚುವ ಕೆಲಸ ಅವ್ವ ಚಂದವ್ವನದು. ಮರಿ ಕಳೆದುಕೊಂಡ ಕುರಿಯ ಹಾಲು ಹಿಂಡಿ ತಬ್ಬಲಿಯ ಮೈಗೆಲ್ಲ ಸವರಿ, ಎರಡನ್ನೂ ಕಂಬಳಿಯ ಮರೆಯಲ್ಲಿ ಕಟ್ಟಿ, ತಾನು ಪಕ್ಕದಲ್ಲಿ ಕೂತು ಬಾಯಿ ತೆರೆಯದೆ ಗಂಟಲೊಳಗೇ ಗುಂಯ್‌ಗುಡುವಳು. ಈದ ಕುರಿ ತನ್ನ ಮರಿಗೆ ತೆಗೆಯುವ ದನಿಯೇ ಅದು. ಮಾಲಾ ಎರಡು ವರ್ಷ ಗಡಿಯಾರ ಹಿಡಿದು ಕೂತು ನೋಡಿದಳು. ದನಿ ಕೇಳಿದ ಕುರಿಗಳು, ಕೇಳದವುಗಳಿಗೆ ಹಿಡಿದ ಅರ್ಧ ಹೊತ್ತಿನಲ್ಲೇ ಮರಿಯನ್ನು ಒಪ್ಪಿಕೊಂಡವು. ಅದನ್ನು ಬರೆದು ಕಳಿಸುವಾಗ ಮೊದಲು ಅವ್ವನ ಹೆಸರು ಹಾಕಿ, ಕೆಳಗೆ ತನ್ನದು ಹಾಕಿದಳು.

ಕೇಂದ್ರದ ಮುಖ್ಯಸ್ಥ ಸಂಜೀವಕುಮಾರ ಸರ್ ಹಾಳೆ ನೋಡಿ ಕನ್ನಡಕ ತೆಗೆದರು.

“ಇದೇನ್ರಿ ಮೇಡಂ? ಅರವತ್ತೆರಡರಾಗ ಕುರಿ ಅಭ್ಯಾಸ ಮಾಡೋರು ನಾಕ ಮಂದಿ ಅದಾರ. ಉಳದವರೆಲ್ಲ ಯಾರು?”

“ನರ್ಸಿಂಗ್‌ದವರು, ಮನಃಶಾಸ್ತ್ರದವರು, ದನಿ ಮ್ಯಾಲ ಕೆಲಸ ಮಾಡೋರು. ಹಸುಗೂಸಿಗೆ ಕಾವು ಕೊಡೋ ಪೆಟ್ಟಿಗಿ ಮಾಡೋ ಇಂಜಿನಿಯರ್ ಒಬ್ಬರು ಅದಾರ್ರಿ ಸರ್.”

“ಮ್ಯಾಲಿನವರು ನಮ್ಮ ವಿಷಯದ್ದಷ್ಟ ಹಿಡೀತಾರ್ರಿ. ನಾಕಂತ ಬರೀರಿ.”

ಮಾಲಾ ನಾಲ್ಕು ಎಂದು ಬರೆದಳು. ಬರೆಯುವಾಗ ಮನಸ್ಸು ಸ್ವಲ್ಪ ಮುದುಡಿತು.

ಅದೇ ವಾರ ಬಸವನ ಬಾಗೇವಾಡಿಯಿಂದ ಫೋನ್ ಬಂತು. ಅಲ್ಲಿ ನರ್ಸಿಂಗ್ ಕಲಿಸುವ ಶಬಾನಾ ಎಂಬವರು. “ಡಾಕ್ಟರ್ ಚಂದವ್ವ ಅವರು ನಿಮ್ಮಲ್ಲೇ ಅದಾರೇನ್ರಿ? ನಮ್ಮ ಹುಡುಗ್ಯಾರಿಗೆ ಅವರ ಮಾತು ಕೇಳಸಬೇಕಾಗಿತ್ತು.”

“ಅವರು ಡಾಕ್ಟರ್ ಅಲ್ರಿ. ನಮ್ಮವ್ವ. ಕುರಿ ಕಾಯ್ತಾಳ.”

 ಆ ಕಡೆಯಿಂದ ಜೋರು ನಗು. “ಹಂಗಾರ ಇನ್ನೂ ಛಲೋ ಆತು! ಕರಕೊಂಡು ಬರ್ರಿ ಮೇಡಂ.”

ಸಂಜೆ ಮಾಲಾ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದಳು: ದೇಶ ದೇಶದ ಅರವತ್ತೆರಡು ಮಂದಿ ‘ಚಂದವ್ವ ಹೀಗೆ ಹೇಳಿದ್ದಾಳೆ’ ಎಂದು ಬರೆದಿದ್ದಾರೆ.

“ನನ್ನ ಹೆಸರು ಹೇಳೇ ಬರದಾರಲಾ?” ಚಂದವ್ವ ಕೇಳಿದಳು. “ಕದ್ದಿಲ್ಲಂದ ಮ್ಯಾಲ ಛಲೋ ಮಂದಿನ ಬಿಡು. ಹೋಗೂಣು.”

ಸುದ್ದಿ ಕೇಳಿದ ಸಂಜೀವಕುಮಾರ ಸರ್ ಕೇಂದ್ರದ ಜೀಪು ತೆಗೆಸಿ ತಾವೂ ಹೊರಟರು.

ಬಾಗೇವಾಡಿಯಲ್ಲಿ ಅರವತ್ತು ಹುಡುಗಿಯರ ಮುಂದೆ ಚಂದವ್ವ ಸೆರಗು ಸರಿಪಡಿಸಿಕೊಳ್ಳುತ್ತ ನಿಂತಳು.  ಮುಂದಿನ ಸಾಲಿನ ಪಲ್ಲವಿ ಎಂಬ ಹುಡುಗಿ ಎದ್ದು, “ಅಮ್ಮಾರ, ಕುರಿ ಒಪ್ಪಿಕೊಂಡದ್ದು ಹೆಂಗ ಗೊತ್ತಾಗತೈತ್ರಿ?” ಎಂದಳು.

“ಮರಿ ಮೊಲಿಗೆ ಬಾಯಿ ಹಾಕತೈತವಾ. ಕುರಿ ಹಿಂದ ತಿರುಗಿ ಅದರ ಬಾಲದ ಬುಡ ಮೂಸತೈತಿ. ಮೂಸಿ ಒದೀಲಿಲ್ಲಂದ್ರ ತಾಯಿ ಆತು.”

ಅಲ್ಲಿಂದ ಮಾತು ಹೊಳೆಯಾಯಿತು. ಕೇಳಿದವರಿಗೆ ದನಿಯನ್ನೂ ಕಲಿಸಿದಳು. ಅರವತ್ತು ಹುಡುಗಿಯರು ಒಟ್ಟಿಗೆ ಗುಂಯ್‌ಗುಟ್ಟಿದಾಗ, ಪಂಪು ಕೆಟ್ಟಿತೇನೋ ಎಂದು ಜವಾನ ಓಡಿ ಬಂದ. ಸಭೆ ಬಿದ್ದು ಬಿದ್ದು ನಕ್ಕಿತು.

ಆಮೇಲೆ, ನೀವು ಕೂಸುಗಳಿಗೆ ಏನು ಮಾಡುತ್ತೀರಿ ಎಂದು ಚಂದವ್ವನೇ ಕೇಳತೊಡಗಿದಳು. ದಿನ ತುಂಬದೆ ಹುಟ್ಟಿದ ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಮಲಗಿಸುತ್ತೇವೆ, ಗುನುಗಲು ಹೇಳುತ್ತೇವೆ ಎಂದರು ಶಬಾನಾ.

“ಬಾಣಂತಿಗೆ ಆರಾಮಿಲ್ಲಂದ್ರ?”

“ಅಪ್ಪನ ಎದಿ ಮ್ಯಾಲ ಮಲಗಸ್ತೇವ್ರಿ. ಅದೂ ನಡೀತೈತಿ.”

“ಗಂಡಸರ ಎದಿ ಮ್ಯಾಲ!” ಚಂದವ್ವ ಬಾಯ ಮೇಲೆ ಕೈಯಿಟ್ಟುಕೊಂಡಳು.

ಜೀಪು ಹತ್ತುವ ಮುಂಚೆ ಸಂಜೀವಕುಮಾರ ಸರ್ ಮಾಲಾಳನ್ನು ಬದಿಗೆ ಕರೆದರು. “ಅರವತ್ತೆರಡೂ ಬರೀರಿ ಮೇಡಂ. ಯಾವ ಯಾವ ವಿಷಯದಾಗಂತ ಬಿಡಿಸಿ ಬರೀರಿ. ಮ್ಯಾಲಿನವರು ಕೇಳಿದ್ರ ನಾ ಉತ್ತರ ಕೊಡ್ತೇನಿ.” ಮಾಲಾ ಹೂಂ ಎಂದು ತಲೆಯಾಡಿಸಿದಳು.

ದಾರಿಯುದ್ದಕ್ಕೂ ಚಂದವ್ವ ಹೊರಗೆ ನೋಡುತ್ತ ಕೂತಿದ್ದಳು. ಇಂಡಿ ಇನ್ನೇನು ಬಂತು ಎನ್ನುವಾಗ ಮಗಳ ಮೊಳಕೈ ತಿವಿದಳು.

“ತಬ್ಬಲಿ ಮರಿನ ಟಗರಿನ ಬಾಜೂಕ ಕಟ್ಟಿ ನೋಡೂಣೇನ?”

“ಟಗರು ಹಾಲು ಕೊಡೂದಿಲ್ಲವ್ವ.”

“ಹಾಲು ಬಾಟಲಿಲೆ ಕೊಡೂಣು. ಕಾವು ಕೊಡತೈತಿಲ್ಲೋ ಅಷ್ಟ ನೋಡೂಣು.”

ಮುಂದಿನ ಸಲ ತಬ್ಬಲಿ ಮರಿ ಸಿಕ್ಕಾಗ ಹಾಗೇ ಮಾಡಿದರು. “ಟಗರಿಗೆ ಯಾರು ತಿಳಿಸಿ ಹೇಳವರು?” ಎಂದು ಅಪ್ಪ ಮಾಳಿಂಗಪ್ಪ ಗೊಣಗುತ್ತಲೇ ಗೂಟ ಬಡಿದುಕೊಟ್ಟ. ಮೊದಲೆರಡು ದಿನ ಟಗರು ಕೊಂಬು ತಿರುಗಿಸಿ ಬುಸುಗುಟ್ಟಿತು. ಮೂರನೆಯ ಬೆಳಿಗ್ಗೆ ಮಾಲಾ ದಡ್ಡಿಗೆ ಹೋಗಿ ನೋಡಿದರೆ, ಮರಿ ಅದರ ಹೊಟ್ಟೆಗೊರಗಿ ಗಾಢ ನಿದ್ದೆಯಲ್ಲಿತ್ತು. ಟಗರು ಮಿಸುಕದೆ, ಮೆಲುಕು ಕೂಡ ಹಾಕದೆ ಮಲಗಿತ್ತು.

ಮಾಲಾ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು ತಾರೀಖು ಬರೆದಳು.