ಜಗಲಿಯ ಕಳ್ಳಿ ಮೇಷ್ಟ್ರು

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತನುಜಾ ಮೊದಲು ನೋಡುತ್ತಿದ್ದುದು ಜಗಲಿಯ ಕಳ್ಳಿಗಿಡವನ್ನು. ಇವತ್ತು ಅದು ನಿನ್ನೆಗಿಂತ ಇನ್ನಷ್ಟು ವಾಲಿತ್ತು. ಮಾವನ ಕುರ್ಚಿಯ ಕಡೆಗೆ ತಲೆ ಚಾಚಿ, ಕಾಫಿ ರೇಟು ಎಲ್ಲಿಗೆ ಬಂತೆಂದು ವಿಚಾರಿಸುವವರ ಹಾಗೆ.

ಗಿಡ ಅವಳದಲ್ಲ, ಗಂಡ ಸಂಜಯನ ಅಕ್ಕ ಪುಷ್ಪಾಳದು. ಆಲೂರಿನ ಮನೆಗೆ ಹೊಸ ನೆಲ ಹಾಕಿಸಲು ಹೊರಟಾಗ ಪುಷ್ಪಾ ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿಕೊಂಡು ಹಾನುಬಾಳಿನ ತವರಿಗೆ ತಂದಿದ್ದಳು. ಹೆಬ್ಬೆರಳಿನಷ್ಟಿದ್ದಾಗಿನಿಂದ ಸಾಕಿದ ಗಿಡ, ಈಗ ಮೊಳದೆತ್ತರ. ನೆಟ್ಟಗಿನ ಮೈ, ಕೈ ಎತ್ತಿ ಗದರಿಸುವಂತೆ ಪಕ್ಕದಲ್ಲೊಂದು ಕವಲು. ಆ ನಿಲುವಿಗೆ ಅದಕ್ಕೆ ‘ಮೇಷ್ಟ್ರು’ ಅಂತಲೇ ಹೆಸರು.

“ಅವ್ವನ ಕೈಗೆ ಮಾತ್ರ ಕೊಡ್ಬೇಡ ಕಣೇ. ಗಿಡ ಕಂಡ್ರೆ ನೀರು ಹಾಕ್ದೆ ಇರಲ್ಲ. ಹಿಂದೆ ಇಲ್ಲಿ ಬಿಟ್ಟುಹೋಗಿದ್ದ ಕಳ್ಳೀನ ಮುಳುಗಿಸಿ ಸಾಯಿಸ್ಬುಟ್ಳು. ಶಿವರಾತ್ರಿಗೆ ಬಂದು ತಗೊಂಡು ಹೋಗ್ತೀನಿ. ಈ ಮನೇಲಿ ನಿನ್ನೊಬ್ಬಳನ್ನೇ ನಂಬಿರೋದು,” ಅಂದಿದ್ದಳು ಪುಷ್ಪಾ.

ಮದುವೆಯಾಗಿ ವರ್ಷ ತುಂಬದ ತನುಜಾಳಿಗೆ ಆ ಮಾತು ಸಂತೋಷವನ್ನೂ ಕೊಟ್ಟಿತು, ನಿದ್ದೆಯನ್ನೂ ಕೆಡಿಸಿತು. ಮೊದಲೇ ಅವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಪೈಕಿ.

ಗಿಡ ಬಂದಾಗಿನಿಂದ ಅವಳು ಹನಿ ನೀರು ಹಾಕಿರಲಿಲ್ಲ. ಆದರೂ ಪೊರಕೆಕಡ್ಡಿ ಚುಚ್ಚಿ ತೆಗೆದರೆ ಒದ್ದೆ ಮಣ್ಣು ಮೆತ್ತಿಕೊಂಡು ಬಂತು. ಬುಡ ಮುಟ್ಟಿದರೆ ಕಳಿತ ಬಾಳೆಹಣ್ಣಿನಂತೆ ಮೆತ್ತಗೆ.

ಅತ್ತೆ ತಾಯಮ್ಮ ಹಿಂದೆ ಬಂದು ನಿಂತರು. “ಪಾಪ, ಬಾಯಾರೈತೆ ಕಣವ್ವ. ಒಂದು ಚೊಂಬು ನೀರು ತರ್ಲಾ?”

“ಅತ್ತೆ, ನೀವೇನಾದ್ರೂ ಅಪ್ಪಿತಪ್ಪಿ...”

“ನಾನಾ? ವಿಭೂತಿ ಮುಟ್ಟಿ ಹೇಳ್ತೀನಿ, ಅದರ ಹತ್ರ ಸುಳಿದಿಲ್ಲ. ನಿಮ್ಮಿಬ್ಬರಿಗೆ ಹೆದರಿ ಹಿತ್ತಲ ಬಾಗಿಲಲ್ಲಿ ಓಡಾಡ್ತಿವ್ನಿ!” ಅನ್ನುತ್ತಾ ಅವರು ಸೆರಗು ಕೊಡವಿ ಒಳಗೆ ನಡೆದರು.

ಕೇಳಬಾರದಿತ್ತು ಅನ್ನಿಸಿತು. ಆದರೆ ನೀರು ಆಕಾಶದಿಂದ ಬೀಳುವ ಕಾಲವೂ ಅಲ್ಲ. ಹೊರಗೆ ಸುಡುಬಿಸಿಲು, ಕಾಫಿ ಕುಯ್ಲು ಜೋರು. ತನುಜಾ ಅವರೆಕಾಯಿಯ ಮೊರ ಹಿಡಿದು ಕಿಟಕಿಯ ಹಿಂದೆ ಕೂತಳು. ಕಣ್ಣು ಕಾಯಿಯ ಮೇಲಿರಲಿಲ್ಲ.

ಮೊದಲು ಬಂದವನು ಪಕ್ಕದ ತೋಟದ ದೇವೀರಪ್ಪ. ಮಾವ ಶಾಂತಮಲ್ಲಪ್ಪನವರ ಜೊತೆ ಕುಯ್ಲಿನ ಆಳುಗಳ ಮಾತು. ತನುಜಾ ಎದ್ದು ಹೋಗಿ ಎಂದಿನಂತೆ ಬೆಲ್ಲದ ತಟ್ಟೆ, ತುಂಬಿದ ಚೊಂಬು ಇಟ್ಟು ಬಂದಳು. ಬಂದವರಿಗೆ ಅರೆ ಚೊಂಬು ಕೊಟ್ಟರೆ ಮನೆಗೆ ಮರ್ಯಾದೆಯಲ್ಲ. ದೇವೀರಪ್ಪ ಬೆಲ್ಲ ಕಡಿದ, ಚೊಂಬು ಎತ್ತಿ ಅರ್ಧ ಕುಡಿದ. ಮಿಕ್ಕ ನೀರನ್ನು ಸುಮ್ಮನೆ ಚೆಲ್ಲಬಾರದು, ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಅದು ಈ ಕಡೆಯವರ ರೂಢಿ. ಜಗಲಿಯಲ್ಲಿ ಕೈಗೆಟುಕುವ ಗಿಡ ಒಂದೇ. ಮಾತು ನಿಲ್ಲಿಸದೆ, ನೋಡದೆ, ಸೊರ್ರನೆ ಮೇಷ್ಟ್ರ ಕುಂಡಕ್ಕೆ ಸುರಿದ.

ತನುಜಾಳ ಕೈಯಲ್ಲಿದ್ದ ಅವರೆಕಾಯಿ ಜಾರಿತು. ಅವಳು ಹೊರಗೆ ಓಡುವಷ್ಟರಲ್ಲಿ ಆಳುಗಳನ್ನು ಕರೆತರುವ ಜೀಪಿನ ಅಣ್ಣಯ್ಯ ಮೆಟ್ಟಿಲು ಹತ್ತಿ, ಅದೇ ಚೊಂಬಿನ ತಳದಲ್ಲಿ ಉಳಿದದ್ದನ್ನೂ ಬಗ್ಗಿಸುತ್ತಿದ್ದ.

“ಅಣ್ಣಯ್ಯಾ, ನಿಲ್ಸಿ!”

“ಯಾಕವ್ವಾ? ಬಂದಾಗೆಲ್ಲ ನಾನೇ ಹಾಕೋದು,” ಅಂದ ಅವನು ಹೆಮ್ಮೆಯಿಂದ. “ಒಣಕಲು ಮೂತಿ ಮಾಡ್ಕೊಂಡು ನಿಂತೈತೆ, ಯಾರೂ ಕೇಳೋರಿಲ್ಲ.”

ಗಲಾಟೆ ಕೇಳಿ ಬಂದ ತಾಯಮ್ಮನಿಗೆ ವಿಷಯ ತಿಳಿದದ್ದೇ, ನಕ್ಕು ನಕ್ಕು ಕಂಬ ಹಿಡಿದುಕೊಂಡರು. “ನನ್ನ ಮ್ಯಾಲೆ ಅನುಮಾನ ಪಟ್ಟೆಯಲ್ಲವ್ವಾ! ಊರೋರಿಗೆಲ್ಲ ಚೊಂಬು ತುಂಬಿ ತುಂಬಿ ತಂದುಕೊಟ್ಟೋಳು ನೀನೇ!”

“ತಪ್ಪಾಯ್ತು ಅತ್ತೆ.” ತನುಜಾಳ ಕಿವಿ ಕೆಂಪಾಗಿತ್ತು.

“ಹೋಗ್ಲಿ ಬಿಡು. ಹಿಂದಿನ ಕಳ್ಳೀನ ಸಾಯಿಸಿದ್ದು ಯಾರು ಅನ್ನೋದೂ ಗೊತ್ತಾತು. ಪುಷ್ಪಾ ಬರ್ಲಿ, ಹೇಳ್ತೀನಿ.”

ಅಂದೇ ಗಿಡವನ್ನು ಕುಂಡದಿಂದ ಬಿಡಿಸಿದರು. ಬೇರು ಕಪ್ಪಾಗಿತ್ತು, ಬುಡ ಕೊಳೆತಿತ್ತು. ಮುಳ್ಳು ಚುಚ್ಚದಂತೆ ತಾಯಮ್ಮ ಗೋಣಿಚೀಲ ಸುತ್ತಿ ಗಟ್ಟಿಯಾಗಿ ಹಿಡಿದರು. ತನುಜಾ ಚಾಕುವನ್ನು ಬಿಸಿನೀರಲ್ಲಿ ತೊಳೆದು ಒರೆಸಿ, ಒಂದು ಬಿಲ್ಲೆ ಕತ್ತರಿಸಿದಳು. ನಡುವೆ ಕಂದು ಬಣ್ಣ. ಇನ್ನೊಂದು ಬಿಲ್ಲೆ. ಇನ್ನೂ ಕಂದು.

“ಹುಳ ಹೊಡೆದ ಕಾಫಿಗಿಡ ಕುಯ್ಯೋವಾಗ ಕನಿಕರ ಮಾಡ್ತೀವಾ? ಕೊಳೆ ಮುಗಿಯೋಗಂಟ ಕುಯ್ಯವ್ವ,” ಅಂದರು ಮಾವ.

ಹಸಿರು ಶುಚಿಯಾಗಿ ಕಂಡಾಗ ಮೇಷ್ಟ್ರು ಮೊಳದಿಂದ ಗೇಣಿಗೆ ಇಳಿದಿದ್ದರು. ಎತ್ತಿದ ಕೈಯೊಂದು ಉಳಿದುಕೊಂಡಿತ್ತು, ಅಷ್ಟೇ.

ಕತ್ತರಿಸಿದ ಗಾಯ ಒಣಗಿ ಗಟ್ಟಿಯಾಗದೆ ನೆಡುವಂತಿಲ್ಲ. ಮನೆಯೊಳಗೆ ಇಟ್ಟರೆ ತಂಪು, ಜಗಲಿಯಲ್ಲಿ ಇಬ್ಬನಿ. ಎಲ್ಲಿಡುವುದೆಂದು ತನುಜಾ ಮೂರು ಕಡೆ ಇಟ್ಟು ಮೂರು ಕಡೆಯಿಂದಲೂ ಎತ್ತಿದಳು.

“ಇಷ್ಟು ದೊಡ್ಡ ಕಣ ಇರೋವಾಗ ಯೋಚನೆ ಯಾಕೆ?” ಅಂದರು ತಾಯಮ್ಮ. “ಕಾಫಿ ಒಣಗೋ ಜಾಗದಲ್ಲಿ ಕಳ್ಳಿ ಒಣಗಕಿಲ್ವಾ?”

ಹಾಗೆ ಮೇಷ್ಟ್ರು ಕಣ ಸೇರಿದರು. ಹರಡಿದ ಕಾಫಿಹಣ್ಣಿನ ಪಕ್ಕ, ಮೂಟೆ ಇಡುವ ಸ್ಟೋರಿನ ಸೂರಿನ ನೆರಳು ಬೀಳುವಲ್ಲಿ, ಬೋರಲು ಹಾಕಿದ ಕುಕ್ಕೆಯ ಮೇಲೆ ಅವರ ವಾಸ. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವ ಹೊತ್ತಿಗೆ ಮಾವ ಕೂಗುತ್ತಿದ್ದರು: “ಮೇಷ್ಟ್ರನ್ನ ಒಳಗಿಟ್ರಾ?” ಸಂಜಯ್ ಮಾತ್ರ, “ಇವರನ್ನೂ ಮೂಟೆ ಕಟ್ಟಿ ಮಾರ್ಬಿಡಬೇಡಿ, ಅಕ್ಕ ನನ್ನ ಚರ್ಮ ಸುಲೀತಾಳೆ,” ಅಂತ ರೇಗಿಸುತ್ತಿದ್ದ.

ಗಾಯ ಒಣಹಪ್ಪಳದ ಹಾಗೆ ಬಿರುಸಾದ ಮೇಲೆ, ತಳದಲ್ಲಿ ತೂತಿದ್ದ ಮಣ್ಣಿನ ಕುಂಡಕ್ಕೆ ಹೆಂಚಿನ ಚೂರು, ದಪ್ಪ ಮರಳು ತುಂಬಿ ನೆಟ್ಟರು. ಜಗಲಿಯ ಕುರ್ಚಿಯ ಪಕ್ಕಕ್ಕೆ ಮಾವ ಒಂದು ದಾಸವಾಳದ ಕುಂಡ ತಂದಿಟ್ಟರು. ಬಂದವರ ನೀರೆಲ್ಲ ಅದಕ್ಕೆ ಹೋಯಿತು, ಅದು ಮೈತುಂಬ ಹೂಬಿಟ್ಟಿತು.

ಕಳ್ಳಿ ಬೇರು ಬಿಟ್ಟಿತೋ ಇಲ್ಲವೋ, ಅದೊಂದೇ ತನುಜಾಳ ಚಿಂತೆ. ಮೆಲ್ಲಗೆ ಅಲ್ಲಾಡಿಸಿ ನೋಡೋಣ ಎಂದು ಕೈ ಚಾಚಿದಾಗಲೆಲ್ಲ ಅತ್ತೆಯ ದನಿ ಕೇಳುತ್ತಿತ್ತು: “ಮುಟ್ಟಬ್ಯಾಡ ಕಣೇ! ಮಲಗಿದ ಮಗೂನ ಉಸಿರು ನೋಡೋಕೆ ಎಬ್ಬಿಸ್ತಾರಾ?”

ಹೀಗಾಗಿ ಶಿವರಾತ್ರಿಯ ಬೆಳಿಗ್ಗೆ ಪುಷ್ಪಾ ಬಂದಿಳಿದಾಗ ಉತ್ತರ ಯಾರಿಗೂ ಗೊತ್ತಿರಲಿಲ್ಲ. ತನುಜಾ ಕುಂಡವನ್ನು ತಂದು ಜಗಲಿಯಲ್ಲಿಟ್ಟು, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ನಿಂತಳು. ಪುಷ್ಪಾ ಕುರ್ಚಿಯಲ್ಲಿ ಕೂತು, ದಾರಿಯ ಧೂಳು ಬೈಯುತ್ತಾ, ಅವ್ವ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕುಡಿದು, ಮಾತಾಡುತ್ತಲೇ, ಚೊಂಬನ್ನು ಮೇಷ್ಟ್ರ ಕಡೆಗೆ ಬಗ್ಗಿಸಿದಳು.

“ಅಯ್ಯೋ!” ಮನೆಗೆ ಮನೆಯೇ ಕೂಗಿತು. ನೀರು ಪುಷ್ಪಾಳ ಸೀರೆಯ ನೆರಿಗೆಗೆ ಬಿತ್ತು.

“ನೋಡಿದ್ರಾ! ನೋಡಿದ್ರಾ!” ತಾಯಮ್ಮ ಚಪ್ಪಾಳೆ ತಟ್ಟಿದರು. “ಹಿಂದಿನ ಕಳ್ಳಿಗೂ ನೀನೇ ಸುರಿದಿರ್ತೀಯ. ಇಷ್ಟು ವರ್ಷ ನನ್ನ ತಲೆಗೆ ಕಟ್ಟಿದ್ದೆ!”

ಪುಷ್ಪಾ ಚೊಂಬನ್ನೂ ಕುಂಡವನ್ನೂ ಬೆಪ್ಪಾಗಿ ನೋಡಿದಳು. “ಅದಿರ್ಲಿ, ಮೇಷ್ಟ್ರು ಯಾಕೆ ಗಿಡ್ಡ ಆಗವ್ರೆ?”

ಜೋಡಿಸಿಟ್ಟ ಮಾತೆಲ್ಲ ತನುಜಾಳಿಗೆ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: ಚೊಂಬು, ಕೊಳೆ, ಚಾಕು, ಕಣ. “ಬೇರು ಬಂದಿದ್ಯೋ ಇಲ್ವೋ ಗೊತ್ತಿಲ್ಲ ಅಕ್ಕ.”

ಪುಷ್ಪಾ ಟವೆಲಿನಿಂದ ಗಿಡವನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದಳು. ತನುಜಾ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಗಿಡದ ಜೊತೆ ಕುಂಡವೂ ಒಂದಿಷ್ಟು ನೆಲ ಬಿಟ್ಟು ಎದ್ದಿತ್ತು.

“ಮೇಷ್ಟ್ರು ಪಾಠ ಬಿಟ್ಟು ಏಳಂಗಿಲ್ಲ,” ಅಂದ ಸಂಜಯ್.

ಪುಷ್ಪಾ ಕುಂಡ ಕೆಳಗಿಟ್ಟು, ಒದ್ದೆ ನೆರಿಗೆ ಹಿಂಡುತ್ತಾ ನಕ್ಕಳು. “ಮಳೆಗಾಲಕ್ಕೆ ಮನೇಲಿರೋ ಇನ್ನೆರಡನ್ನೂ ತಂದು ನಿಂಗೇ ಬಿಡ್ತೀನಿ ಕಣೇ.”

“ತನ್ನಿ ಅಕ್ಕ,” ಅಂದಳು ತನುಜಾ. ಮಳೆಗಾಲಕ್ಕೆ ಕಣದಲ್ಲಿ ಬಿಸಿಲಿರುವುದಿಲ್ಲ, ಸ್ಟೋರಿನ ಕಿಟಕಿಗೆ ಬೆಳಕು ಸಾಲುತ್ತದೋ ಇಲ್ಲವೋ ಎಂಬ ಯೋಚನೆ ಆಗಲೇ ಶುರುವಾಗಿತ್ತು. ಚೊಂಬಿನಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು. ಅದನ್ನು ದಾಸವಾಳಕ್ಕೆ ಹಾಕಿ, ಕಿಟಕಿ ನೋಡಿ ಬರಲು ಸ್ಟೋರಿನ ಕಡೆ ಹೊರಟಳು.