ಸಂತನ ಸೌಟು

ಇದ್ರಿಯಾ ಎಂಬ ಗಣಿಯೂರಿನಲ್ಲಿ ನಮ್ಮದು ಇಂಗಲೀಕದ ಕೆಂಪು ಬಣ್ಣ ಮಾಡುವ ಮನೆ. ಚಕ್ರವರ್ತಿಯ ಗಣಿಯಿಂದ ಬಂದ ಪಾದರಸವನ್ನು ಗಂಧಕದೊಡನೆ ಪೀಪಾಯಿಯಲ್ಲಿ ಉರುಳಿಸಿ, ಕಪ್ಪಾದ ಪುಡಿಯನ್ನು ಮಡಕೆಯಲ್ಲಿ ಕಾಯಿಸಿದರೆ, ಮುಚ್ಚಳಕ್ಕೆ ಕೆಂಪು ಇಂಗಲೀಕ ಕಟ್ಟುತ್ತದೆ. ಗಂಧಕ ತೂಗುವುದು ನನ್ನ ಕೆಲಸ. ಇಪ್ಪತ್ತೈದು ತೂಕ ಪಾದರಸಕ್ಕೆ ನಾಲ್ಕು ತೂಕ ಗಂಧಕ, ಅಷ್ಟೆ.

ಆದರೆ ಎಲ್ಲ ತೂಗಿ ಮುಗಿದ ಮೇಲೆ ಅಪ್ಪ ಪ್ರತಿ ಪೀಪಾಯಿಗೂ ಇನ್ನೊಂದು ಸೌಟು ಪಾದರಸ ಸುರಿಯುತ್ತಿದ್ದ. ಅದು ಊರ ಕಾಯುವ ಸಂತ ಅಹಾತ್ಸನ ಪಾಲು. ಕೊನೆಗೆ ಇಂಗಲೀಕ ತೂಗಿದರೆ ಆ ಸೌಟಿನ ತೂಕ ಎಂದೂ ಸಿಗುತ್ತಿರಲಿಲ್ಲ. ಸಂತ ಸ್ವೀಕರಿಸಿದ ಎಂದು ಎಲ್ಲರೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಸಂತನಿಗೆ ಪಾದರಸ ಯಾಕೆ ಬೇಕು?

ಅಪ್ಪನ ಕೈ ನಡುಗತೊಡಗಿದಾಗ ಸೌಟೂ ಮಡಕೆ ಕಾಯಿಸುವ ಕೆಲಸವೂ ತಮ್ಮ ಬ್ಲಾಜನ ಪಾಲಿಗೆ ಬಂದವು. ಚಳಿಗಾಲ ಕಳೆಯುವುದರೊಳಗೆ, ಒಂದು ದಿನ ಊಟಕ್ಕೆ ಕೂತ ಬ್ಲಾಜ್ ಕೈ ಅದುರಿ ಸೂಪನ್ನು ಅಂಗಿಯ ಮೇಲೆ ಚೆಲ್ಲಿಕೊಂಡು ನಕ್ಕ. ಅಪ್ಪ ನೆಟ್ಟ ಆಲದ ಮರವೆಂದು ಇವನೂ ಅದಕ್ಕೇ ನೇಣು ಹಾಕಿಕೊಳ್ಳಬೇಕೇ?

ಮರುದಿನ ಅವನು ಸೌಟು ಎತ್ತಿದಾಗ ಕೈ ಹಿಡಿದೆ. "ತಡಿಯೋ. ಅದನ್ನೂ ತೂಗ್ತೀನಿ. ಸಂತನ ಪಾಲಿಗೂ ಗಂಧಕ ಹಾಕೋಣ."

"ಸಂತನಿಗೂ ನೀನೇ ಅಳತೆ ಹೇಳ್ತೀಯೇನಕ್ಕಾ?"

"ಹೂಂ, ಹೇಳ್ತೀನಿ. ಕೊಡೋದಾದ್ರೆ ಸರಿಯಾಗಿ ಕೊಡ್ಬೇಕು."

"ಸುಮ್ನಿರೇ ನೇಜಾ," ಮೂಲೆಯಿಂದ ಅಪ್ಪ ಗದರಿದ. "ನಮ್ಮಪ್ಪನ ಕಾಲದಿಂದ ಹಿಂಗೇ ನಡ್ಕೊಂಡ್ ಬಂದಿದೆ."

ನಾನು ಕೇಳಲಿಲ್ಲ. ಸೌಟು ತೂಗಿದೆ, ಅದೇ ಲೆಕ್ಕದಲ್ಲಿ ಗಂಧಕ ಸುರಿದೆ.

ಮಡಕೆ ಆರಿದ ಮೇಲೆ ಮುಚ್ಚಳ ತೆಗೆದೆವು. ಸದಾ ಅಂಚಿಗೆ ಅಂಟಿರುತ್ತಿದ್ದ ಪಾದರಸದ ಬೆಳ್ಳಿ ಬಣ್ಣದ ಹನಿಗಳು ಇರಲಿಲ್ಲ. ಇಂಗಲೀಕ ತಕ್ಕಡಿಗೆ ಹಾಕಿದಾಗ ಸೌಟಿನ ಪಾದರಸದ ತೂಕವೂ ಅದರ ಗಂಧಕದ ತೂಕವೂ ಅದರಲ್ಲೇ ಸಿಕ್ಕವು.

ಅಪ್ಪನ ಮುಖ ಬಿಳಿಚಿಕೊಂಡಿತು. "ಸಂತ ತಗೊಳ್ಳಿಲ್ಲ. ಮುನಿಸ್ಕೊಂಡ್ಬಿಟ್ಟ."

"ಅವನು ಯಾವತ್ತೂ ತಗೊಂಡಿರ್ಲಿಲ್ಲ ಅಪ್ಪಾ. ಪಾದರಸ ತನ್ನ ಪಾಲಿನ ಗಂಧಕ ಎಷ್ಟಿದೆಯೋ ಅಷ್ಟಕ್ಕೇ ಕೂಡ್ಕೊಳ್ಳೋದು. ಜೊತೆ ಸಿಗದೆ ಉಳಿದಿದ್ದು ಹೊಗೆಯಾಗಿ ಹೊರಗ್ ಬರ್ತಿತ್ತು."

"ಬಂದು ಎಲ್ಲಿಗ್ ಹೋಗ್ತಿತ್ತು?"

ವರ್ಷಗಟ್ಟಲೆ ಮಡಕೆಯ ಮುಂದೆ ಆ ಹೊಗೆ ಕುಡಿದಿದ್ದ ಅವನ ಕೈಗಳತ್ತ ನೋಡಿದೆ. ಅಷ್ಟು ದಿನ ಉರಿಯುತ್ತಿದ್ದ ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿಯಿತು. ಅಪ್ಪ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಅವು ನಡುಗುತ್ತಲೇ ಇದ್ದವು. ಆಮೇಲೆ ಬ್ಲಾಜನ ಕೈಗಳನ್ನು ನೋಡಿದ, ತುಂಬ ಹೊತ್ತು.

ಎದ್ದು ಹೋಗಿ ಸೌಟು ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕಲು ನೋಡಿದ. ಮೊಳೆ ಸಿಗಲಿಲ್ಲ. ಮತ್ತೆ ನೋಡಿದ, ಮತ್ತೆ ತಪ್ಪಿತು. ಬ್ಲಾಜ್ ನೆರವಿಗೆಂದು ಕೈ ಚಾಚಿದ.

"ನೀ ಮುಟ್ಬೇಡ ಮಗಾ," ಎಂದ ಅಪ್ಪ.